ಮೂಡಬಿದಿರೆಯ ಚೌಟರ ಅರಮನೆ

ಅರಮನೆಯೆಂಬ ಮಾತು ಕಿವಿಗೆ ಬಿದ್ದೊಡನೆಯೆ ನಮ್ಮಲ್ಲಿ ಬಹು ಮಂದಿಯ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ ತೆರನಾದುದು: ಎತ್ತರವಾದ ಕಲ್ಲಿನ ಗೋಡೆ, ಗೋಪುರ, ಮೊಳೆ ಹೊಡೆದ ಹೆಬ್ಬಾಗಿಲು, ಒಳಗೆ ಹೋದರೆ ವಿಶಾಲವಾದ ಸಭಾಂಗಣ, ಗೋಡೆಗಳ ಮೇಲೆ ವರ್ಣಚಿತ್ರಗಳು. ಈ ಚಿತ್ರದಲ್ಲಿ ಅರ್ಧ ಭಾಗ ಮೈಸೂರಿನಿಂದ ಬಂದುದು. ಇನ್ನರ್ಧ ಭಾಗ ನಾವು ಓದಿರುವ ಇಂಗ್ಲಿಷ್ ಪುಸ್ತಕಗಳಿಂದ, ಯೂರೋಪಿನ ಕೋಟೆಗಳ ವರ್ಣನೆಗಳಿಂದ ಬಂದುದು. ಅಂತಹ ಕೋಟೆಗಳಲ್ಲಿ ಒಂದನ್ನು ಹೆಸರಿಸುವುದಾದರೆ, ಚೆಕ್ ದೇಶದಲ್ಲಿ ಪ್ರಾಗ್ ನಗರಕ್ಕೆ ಸುಮಾರು ೩೦ ಕಿಲೋಮೀಟರು ದೂರದಲ್ಲಿ ಕಾರ್ಲ್‌ಷ್ಟೈನ್ ಎಂಬುದೊಂದು ಉಂಟು. ಬೊಹೀಮಿಯದ ದೊರೆಯಾದ ನಾಲ್ಕನೆಯ ಚಾರ್ಲ್ಸನು ೧೩೪೮ರಲ್ಲಿ ಅದಕ್ಕೆ ಅಸ್ತಿಭಾರ ಹಾಕಿಸಿದನು. ಕಿರೀಟಾದಿ ರಾಜಲಾಂಛನಗಳನ್ನೂ ಮಹಾತ್ಮರ ಅವಶೇಷಗಳನ್ನೂ ಕಾಪಾಡುವುದಕ್ಕಾಗಿ ಕಟ್ಟಿದ ಕೋಟೆ ಅದು. ಅದರ ಹಿರಿಯ ಬುರುಜಿನೊಳಗಿನ ಪ್ರಾರ್ಥನಾಮಂದಿರದ ಗೋಡೆಗಳಲ್ಲಿ ಹೊಳೆಯುವ ಕಲ್ಲುಗಳನ್ನು ಕೂರಿಸಿದೆ; ಥಿಯೊಡೊರಿಕ್ ಎಂಬ ಚಿತ್ರಕಾರನ ೧೨೯ ಫಲಕಚಿತ್ರಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಅರಸನ ಐಶ್ವರ್ಯವೂ ಅವನ ಭಕ್ತಿಯೂ ಒಂದೇ ಕಲ್ಲಿನ ಚಿಪ್ಪಿನೊಳಗೆ ಸೇರಿಕೊಂಡಿರುವುದನ್ನು ಅಲ್ಲಿ ಕಾಣಬಹುದು.

ಈ ಮಾದರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತುಳುನಾಡಿಗೆ ಬಂದವರಿಗೆ ಮೊದಲು ಸ್ವಲ್ಪ ನಿರಾಶೆಯಾಗುವುದು ಸಹಜ. ವಿದ್ಯಾಸಂಸ್ಥೆಗಳಿಂದ ಹೆಸರಾಗಿರುವ ನಿಟ್ಟೆಯ ಹೆಸರನ್ನು ಶ್ರೋತೃಗಳು ಕೇಳಿಯೇ ಇರುವರು. ನಿಟ್ಟೆ ಕಾರ್ಕಳ ತಾಲ್ಲೂಕಿಗೆ ಸೇರಿದ ಊರು. ಕಾರ್ಕಳವಾದರೊ ಭೈರರಸ ಒಡೆಯರೆಂಬ ಜೈನ ದೊರೆಗಳ ರಾಜಧಾನಿಯಾಗಿದ್ದ ಪಟ್ಟಣ. ಆ ವಂಶದ ವೀರಪಾಂಡ್ಯನು ೧೪೩೨ರಲ್ಲಿ ಪ್ರತಿಷ್ಠೆ ಮಾಡಿಸಿದ ಸುಮಾರು ೪೨ ಅಡಿ ಎತ್ತರದ ಬಾಹುಬಲಿಯ ಮೂರ್ತಿ ಅಲ್ಲಿಯ ಬಂಡೆಯ ಮೇಲೆ ಇಂದಿಗೂ ನಿಂತಿದೆ. ಇಮ್ಮಡಿ ಭೈರರಸನು ೧೫೮೬ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲನ್ನು ತೆರೆದುಕೊಂಡು, ಅದರ ಎದುರಿಗೆ ನಿಂತಿದೆ. ಇಷ್ಟು ದೊಡ್ಡ ಕಲ್ಲುಗಳನ್ನು ಕಡೆಯಿಸಿ ನಿಲ್ಲಿಸಿದ ಅರಸರು ತಾವು ವಾಸಮಾಡಿದ ಮನೆಯನ್ನು ಎಷ್ಟು ಭವ್ಯವಾಗಿ ಕಟ್ಟಿಸಿರಬೇಕು ಎಂದು ಯಾತ್ರಿಕನು ಕೇಳುವನು. ಆದರೆ ಭೈರರಸರ ಅರಮನೆ ಬಸದಿಯಂತೆ ಉಳಿದುಬಂದಿಲ್ಲ. ದೇವರ ಮನೆ ನಿಂತಿತು. ಕಟ್ಟಿಸಿದವರ ಮನೆ ನಿಲ್ಲಲಿಲ್ಲ.

ಇದು ಕಾರ್ಕಳಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಹಂಪೆಗೆ ಹೋದವರು ಇದನ್ನೇ ಕಂಡಿರುವರು. ವಿರೂಪಾಕ್ಷ, ವಿಠಲ, ಹಜಾರರಾಮ ದೇವಾಲಯಗಳು ಅಲ್ಲಿ ನಿಂತಿವೆ. ದೊರೆಯ ಸಭಾಂಗಣವೆಂದು ತೋರಿಸುವ ಸ್ಥಳದಲ್ಲಿಯಾದರೊ ಕಲ್ಲಿನ ಜಗಲಿಯೂ, ನೂರು ಮರದ ಕಂಬಗಳನ್ನು ನಿಲ್ಲಿಸಿದ್ದ ಗುರುತುಗಳೂ ಮಾತ್ರ ಉಳಿದಿವೆ. ನಮ್ಮ ನಾಡಿನಲ್ಲಿ ಕಲ್ಲು ಬಹುಮಟ್ಟಿಗೆ ದೇವರ ಪಾಲಿನದಾಗಿತ್ತು. ಮನುಷ್ಯನು, ಅವನು ಅರಸನೇ ಆಗಿರಲಿ, ಮರದ ಮನೆಯಲ್ಲಿ ವಾಸಿಸುತ್ತಿದ್ದನು. ಮೈಸೂರಿನಲ್ಲಿ ಇಂದು ನಾವು ನೋಡುವ ಅರಮನೆ ೧೯೧೨ರಲ್ಲಿ ಮುಗಿದ ಹೊಸ ಕಟ್ಟಡ. ಅದಕ್ಕೆ ಮೊದಲು ಅಲ್ಲಿದ್ದ ಹಳೆಯ ಅರಮನೆ ಹೆಚ್ಚಾಗಿ ಮರದ ಕೆಲಸದಿಂದ ಕೂಡಿದುದು. ೧೮೯೭ರಲ್ಲಿ ಅರಮನೆಯ ಮದುವೆಯೊಂದರ ಸಮಯದಲ್ಲಿ ಹತ್ತಿದ ಬೆಂಕಿಗೆ ಅದು ಆಹುತಿಯಾಯಿತು. ಮರದ ಅರಮನೆಗೆ ಶತ್ರುವಿನ ಫಿರಂಗಿಯೇ ಬರಬೇಕಾಗಿಲ್ಲ. ಒಂದು ಕಿಡಿ ಸಾಕು, ಒಂದು ಗೆದ್ದಲ ಹುತ್ತ ಸಾಕು, ಹಂಚು ಸರಿಸಿ ನೋಡುವವರಿಲ್ಲದ ಎರಡು ಮಳೆಗಾಲ ಸಾಕು.

ತುಳುನಾಡಿನಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುವ ನಾಡು ಅದು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೆ ಸುರಿದುಹೋಗುವುದು. ಅಲ್ಲಿ ಗೋಡೆಗೆ ಒದಗುವ ಕಲ್ಲು ಮುರಕಲ್ಲು. ನೆಲದೊಳಗಿರುವಾಗ ಅದು ಮೆತ್ತಗಿರುವುದರಿಂದ ಇಟ್ಟಿಗೆಯಂತೆ ಕತ್ತರಿಸಬಹುದು. ಗಾಳಿಗೆ ಬಂದ ಮೇಲೆ ಗಟ್ಟಿಯಾಗುವುದು. ಬುಕಾನನ್ ಎಂಬ ವಿದ್ವಾಂಸನು ಈ ನಾಡುಗಳಲ್ಲಿ ಸಂಚರಿಸಿ, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಆ ಹೆಸರನ್ನು ಇಂದು ಭೂವಿಜ್ಞಾನಿಗಳೆಲ್ಲರೂ ಬಳಸುವರು. ಮುರಕಲ್ಲು ಗೋಡೆಗೆ ಒಳ್ಳೆಯದು. ಆದರೆ ಅದರ ಮೈಯೆಲ್ಲ ತೂತು. ಅದರ ಮೇಲೆ ಉಳಿಯಿಂದ ಹೂವನ್ನಾಗಲಿ ಹಂಸವನ್ನಾಗಲಿ ಬಿಡಿಸುವುದು ಆಗದು. ಆದುದರಿಂದ ಸೂಕ್ಷ್ಮವಾದ ಕೆಲಸಕ್ಕೆ ಶಿಲ್ಪಿಗೆ ಎರಡೇ ದಾರಿ ಉಳಿದುವು. ಬಸದಿಗೆ ಕಣಶಿಲೆ, ಮನೆಗೆ ಮರ. ಘಟ್ಟದ ತಪ್ಪಲಿನ ಕಾಡುಗಳು ತೇಗ, ಹಲಸು, ಹೆಬ್ಬಲಸುಗಳನ್ನು ಬೇಕಾದಷ್ಟು ಒದಗಿಸುತ್ತಿದ್ದುವು. ಮಾಡಿಗೆ ಹುಲ್ಲನ್ನೊ ಗರಿಯನ್ನೊ ಹೊದೆಯಿಸುವುದು ವಾಡಿಕೆ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆಯೆ ಕೆಂಪು ಹಂಚು ಸಾಮಾನ್ಯವಾದುದು. ಹೀಗೆ ಕಟ್ಟಿದ ಮನೆ ಎಷ್ಟೇ ದೊಡ್ಡದಾಗಿದ್ದರೂ ಅದರ ಆಯುಸ್ಸು ಅದರೊಳಗೆ ವಾಸಿಸುವವರ ಎಚ್ಚರವನ್ನು ಅವಲಂಬಿಸಿರುವುದು. ಇದನ್ನೆಲ್ಲ ಮನಸ್ಸಿಗೆ ತಂದುಕೊಂಡರೆ, ಕಾರ್ಕಳದಿಂದ ಸುಮಾರು ೧೮ ಕಿಲೋಮೀಟರು ದೂರದ ಮೂಡಬಿದಿರೆಯಲ್ಲಿ ಚೌಟ ಅರಸರ ಅರಮನೆ ಉಳಿದುಬಂದಿರುವುದು ಎಷ್ಟು ಅಪೂರ್ವವಾದ ಸಂಗತಿಯೆಂಬುದು ತಿಳಿಯುವುದು.

ಮೂಡಬಿದಿರೆಯನ್ನು ಜೈನಕಾಶಿಯೆಂದು ಕರೆಯುವುದುಂಟು. ಅಲ್ಲಿಗೆ ಹೋದವರೆಲ್ಲರೂ ನೋಡುವುದು ಸಾವಿರ ಕಂಬದ ಬಸದಿಯನ್ನು. ವಿಜಯನಗರದ ಅಧೀನದಲ್ಲಿ ದೇವರಾಯ ಒಡೆಯನು ಮಂಗಳೂರು ರಾಜ್ಯವನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ೧೪೩೦ರ ಸುಮಾರಿಗೆ, ಅಲ್ಲಿಯ ಶ್ರಾವಕರೂ ಸೆಟ್ಟಿಗಳೂ ಸೇರಿ ಅದನ್ನು ಕಟ್ಟಿಸಿದರು. ಕೆಳಗಿನ ನೆಲೆಯೆಲ್ಲ ಕಲ್ಲು. ಅದರ ಮೇಲಿನ ನೆಲೆಗಳು ಮರದ ಕೆಲಸದವು. ಒಂದರ ಮೇಲೊಂದು ಇಳಿಜಾರಾದ ಮಾಡುಗಳು. ಫರ್ಗುಸನ್ ಎಂಬ ವಾಸ್ತುಶಾಸ್ತ್ರದ ಚರಿತ್ರಕಾರನಿಗೆ ಈ ಮಾಡುಗಳನ್ನು ಕಂಡು ನೇಪಾಳದ ಕಟ್ಟಡಗಳ ನೆನಪಾಯಿತು. ವಾಸ್ತವದಲ್ಲಿ ಹಿಮಾಲಯದ ಹಿಮವೂ ಕರಾವಳಿಯ ಮಳೆಯೂ ಮನೆ ಕಟ್ಟುವವನಿಗೆ ಕಲಿಸುವ ಪಾಠ ಒಂದೇ: ಮಾಡು ಕಡಿದಾಗಿರಲಿ, ಸೂರು ಮುಂದಕ್ಕೆ ಚಾಚಿರಲಿ. ಮುಖ್ಯವಾದುದೇನೆಂದರೆ, ಕಲ್ಲನ್ನು ಮರದಂತೆ ಕೆತ್ತಬಲ್ಲವರೂ ಮರವನ್ನು ಕಲ್ಲಿನಂತೆ ಕೆತ್ತಬಲ್ಲವರೂ ಈ ನಾಡಿನಲ್ಲಿ ಒಟ್ಟಿಗೆ ಕೆಲಸಮಾಡುತ್ತಿದ್ದರು. ಬಸದಿಯನ್ನು ಕಣ್ತುಂಬ ನೋಡಿದವರಿಗೆ ಅರಮನೆಯ ಕಂಬಗಳು ಅಪರಿಚಿತವಾಗಿ ತೋರವು. ಎರಡೂ ಒಂದೇ ಪರಂಪರೆಯ ಮಕ್ಕಳು.

ಇನ್ನು ಚೌಟರೆಂಬವರು ಯಾರು? ತುಳುನಾಡನ್ನು ಹಂಚಿಕೊಂಡು ಆಳಿದ ಸಣ್ಣ ಅರಸುಮನೆತನಗಳಲ್ಲಿ ಅವರದೊಂದು. ಬಂಗರು, ಅಜಿಲರು, ಸಾವಂತರು, ಭೈರರಸರು ಅವರ ನೆರೆಹೊರೆಯವರು. ಕೆಲವು ವೇಳೆ ಬಂಧುಗಳು, ಕೆಲವು ವೇಳೆ ವೈರಿಗಳು. ಚೌಟರ ಮೊದಲ ನೆಲೆ ಕಡಲ ತಡಿಯಲ್ಲಿ, ಉಳ್ಳಾಲ ಸೋಮೇಶ್ವರಗಳ ಕಡೆ. ಆಮೇಲೆ ಅವರು ಒಳನಾಡಿನ ಪುತ್ತಿಗೆಯನ್ನೂ ಮೂಡಬಿದಿರೆಯನ್ನೂ ನೆಲೆಯಾಗಿ ಮಾಡಿಕೊಂಡರು. ಮತದಲ್ಲಿ ಜೈನರಾದರೂ ಸೋಮನಾಥನಿಗೆ ನಡೆದುಕೊಳ್ಳುವವರು; ಈ ನಾಡಿನಲ್ಲಿ ಇದು ಯಾರಿಗೂ ವಿರೋಧವಾಗಿ ತೋರಿದುದಲ್ಲ. ಮೊದಲು ವಿಜಯನಗರಕ್ಕೂ, ೧೫೬೫ರ ಯುದ್ಧದ ತರುವಾಯ ಕಾಲಕ್ರಮದಲ್ಲಿ ಕೆಳದಿಯ ನಾಯಕರಿಗೂ ಅವರು ತಲೆಬಾಗಬೇಕಾಯಿತು. ಅವರ ಇತಿಹಾಸವನ್ನು ದಿಗ್ವಿಜಯಗಳ ಇತಿಹಾಸವೆಂದು ಹೇಳಲಾಗದು. ದೊಡ್ಡ ರಾಜ್ಯಗಳ ನಡುವೆ ಸಣ್ಣ ನಾಡೊಂದನ್ನು, ಅದರ ಗದ್ದೆಗಳನ್ನೂ ಕೆರೆಗಳನ್ನೂ ಬಂದರನ್ನೂ, ಜೋಪಾನವಾಗಿ ಕಾಪಾಡಿಕೊಂಡು ಬಂದವರ ಇತಿಹಾಸ ಅದು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳದಿದ್ದರೆ ಈ ಅರಮನೆಯ ಅಂತರಂಗ ತಿಳಿಯುವಂತಿಲ್ಲ. ಚೌಟರು ಅಳಿಯಸಂತಾನದವರು. ಅರಸನ ತರುವಾಯ ಪಟ್ಟಕ್ಕೆ ಬರುವವನು ಅವನ ಮಗನಲ್ಲ, ಅವನ ಸಹೋದರಿಯ ಮಗ. ಕೆಲವು ವೇಳೆ ಸಹೋದರಿಯ ಮಗಳೇ ಪಟ್ಟವೇರುವಳು. ಹೀಗಾದ ಮೇಲೆ ಅರಮನೆ ಯಾರ ಮನೆ? ಯೂರೋಪಿನ ಕೋಟೆ ತಂದೆಯಿಂದ ಮಗನಿಗೆ ಬರುವುದು. ಹೊರಗಿನಿಂದ ಬಂದ ರಾಣಿ ಅದರ ಒಡತಿಯಾಗುವಳು. ಚೌಟರ ಅರಮನೆ ಅರಸನ ತಾಯಿಯ ಮನೆ, ಅವನ ಸಹೋದರಿಯರ ಮನೆ. ಅರಸನ ಹೆಂಡತಿಗೆ ಅಲ್ಲಿ ಗೌರವ ಉಂಟು, ಹಕ್ಕಿಲ್ಲ. ಅವಳ ಹಕ್ಕು ಅವಳ ತವರಿನಲ್ಲಿ. ಉಳ್ಳಾಲದ ಅಬ್ಬಕ್ಕನ ಕಥೆ ಇದಕ್ಕೆ ನಿದರ್ಶನ. ಅವಳು ಮಂಗಳೂರಿನ ಬಂಗರಸನನ್ನು ಮದುವೆಯಾದರೂ ತನ್ನ ಉಳ್ಳಾಲವನ್ನು ತಾನೇ ಆಳಿದಳು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರಿಗೆ ಕಪ್ಪಕೊಡಲು ಒಪ್ಪದೆ ಅವರೊಡನೆ ಕಾದಿದಳು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ೧೬೨೩ರಲ್ಲಿ ಈ ಕಡೆಗೆ ಬಂದು ಉಳ್ಳಾಲದ ರಾಣಿಯನ್ನು ಕಂಡನು. ಅವನು ಕಂಡುದು ಸಿಂಹಾಸನವನ್ನೂ ಅಲ್ಲ, ರತ್ನಖಚಿತವಾದ ಸಭಾಮಂಟಪವನ್ನೂ ಅಲ್ಲ. ನೆಲವನ್ನು ಅಗೆಯಿಸಿ ಕಾಲುವೆ ತೆಗೆಯಿಸುತ್ತಿದ್ದ ಕೆಲಸವನ್ನು ನೋಡಿಕೊಳ್ಳಲು ರಾಣಿ ಬರಿಗಾಲಿನಲ್ಲಿ ನಡೆದು ಬಂದಿದ್ದಳು. ಮೈಮೇಲೆ ಸರಳವಾದ ಉಡುಗೆ, ತಲೆಯ ಮೇಲೆ ಓಲೆಯ ಕೊಡೆ. ದೂರದೇಶದ ಶ್ರೀಮಂತನಿಗೆ ಇದು ವಿಚಿತ್ರವಾಗಿ ತೋರಿತು. ನಮಗಾದರೊ ಇದರಿಂದ ಚೌಟರ ಅರಸುತನದ ಅಳತೆ ಸಿಕ್ಕುವುದು. ಈ ಅರಸರ ಅರಮನೆಯನ್ನು ನೋಡಲು ಹೋಗುವವರು ಈ ಅಳತೆಯನ್ನೇ ಕೈಯಲ್ಲಿ ಹಿಡಿದು ಹೋಗಬೇಕು.

ಹಾಗೆ ಹೋದವರ ಕಣ್ಣಿಗೆ ಹೊರಗಿನಿಂದ ಬೆರಗಾಗುವಂತಹುದೇನೂ ಬೀಳದು. ತುಳುನಾಡಿನ ಹಳೆಯ ಗುತ್ತಿನ ಮನೆಗಳ ವಂಶಕ್ಕೆ ಸೇರಿದ ಕಟ್ಟಡ ಅದು. ತಗ್ಗಾಗಿ ಇಳಿದ ಮಾಡು, ಬಿಸಿಲು ಮಳೆಗಳನ್ನು ದೂರವಿಡುವ ಸೂರು, ಅದರ ನೆರಳಿನಲ್ಲಿ ಚಾವಡಿ. ಈ ಚಾವಡಿಯೆಂಬುದನ್ನು ಸ್ವಲ್ಪ ವಿವರಿಸಬೇಕು. ಅದು ಪೂರ್ತಿ ಹೊರಗೂ ಅಲ್ಲ, ಪೂರ್ತಿ ಒಳಗೂ ಅಲ್ಲ. ಅರಸನು ಕುಳಿತು ಗೇಣಿ ಗಡಿಗಳ ವ್ಯಾಜ್ಯಗಳನ್ನು ಕೇಳುವ ಸ್ಥಳವೂ ಅದೇ, ಬಂದ ಅತಿಥಿಗೆ ಬೆಲ್ಲ ನೀರು ಕೊಡುವ ಸ್ಥಳವೂ ಅದೇ. ಯೂರೋಪಿನ ಕೋಟೆಯಲ್ಲಿ ಸಾಮಾನ್ಯ ಪ್ರಜೆ ಕಾಣದಂತಹ ಎತ್ತರದ ಬುರುಜಿನೊಳಗೆ ಉತ್ತಮವಾದ ಶಿಲ್ಪವನ್ನು ಅಡಗಿಸಿಟ್ಟಿದ್ದರೆ, ಇಲ್ಲಿ ಉತ್ತಮವಾದ ಶಿಲ್ಪವನ್ನೆಲ್ಲ ಜನ ಬಂದು ಕೂಡುವ ಅಂಗಣದಲ್ಲಿ ಇಟ್ಟಿರುವರು. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಶಾಸನಶಾಸ್ತ್ರಜ್ಞರು ಈ ಅರಮನೆಯಲ್ಲಿ ಮೂರನ್ನು ವಿಶೇಷವಾಗಿ ಗುರುತಿಸಿದರು: ಚೌಕಚೌಕವಾಗಿ ಹಲಗೆಗಳನ್ನು ಕೂಡಿಸಿ ಕೆತ್ತಿದ ಮೇಲುಚ್ಚು, ಕುಸುರಿಗೆಲಸದ ಬಾಗಿಲವಾಡ, ಮತ್ತು ಕಂಬಗಳು.

ಕಂಬಗಳಲ್ಲಿ ಎರಡು ಶಿಲ್ಪಗಳು ಹೆಸರುವಾಸಿಯಾದುವು. ಒಂದಕ್ಕೆ ನವನಾರೀಕುಂಜರವೆಂದು ಹೆಸರು, ಇನ್ನೊಂದಕ್ಕೆ ಪಂಚನಾರೀತುರಗವೆಂದು ಹೆಸರು. ದೂರದಿಂದ ನೋಡಿದರೆ ಒಂದು ಆನೆ, ಒಂದು ಕುದುರೆ. ಹತ್ತಿರ ಹೋದರೆ ಆನೆಯಿಲ್ಲ. ಒಬ್ಬರೊಳಗೊಬ್ಬರು ಹೆಣೆದುಕೊಂಡ ಒಂಬತ್ತು ಮಂದಿ ಸ್ತ್ರೀಯರು ಇರುವರು. ಕುದುರೆಯಿಲ್ಲ, ಐವರು ಸ್ತ್ರೀಯರು ಇರುವರು. ಬಾಗಿದ ಮೈಯಿಂದ ಪ್ರಾಣಿಯ ಬೆನ್ನು ಉಂಟಾಗಿದೆ, ನಿಂತವರ ಕಾಲುಗಳಿಂದ ಪ್ರಾಣಿಯ ಕಾಲುಗಳು ಉಂಟಾಗಿವೆ. ಈ ಕೆಲಸದ ಕಷ್ಟ ಎಂತಹುದೆಂಬುದನ್ನು ಯೋಚಿಸಿ ನೋಡಬೇಕು. ಶಿಲ್ಪಿ ಹೆಂಗಸರ ಅಂಗಸೌಷ್ಠವವನ್ನು ಕೆಡಿಸಿ ಆನೆಯನ್ನು ಮಾಡಿದರೆ ಸೋತಂತೆ. ಹೆಂಗಸರನ್ನು ಚೆನ್ನಾಗಿ ಕೆತ್ತಿ ಆನೆ ಕಾಣದಂತೆ ಮಾಡಿದರೂ ಸೋತಂತೆ. ಎರಡು ಸತ್ಯಗಳೂ ಒಂದೇ ಮರದಲ್ಲಿ, ಒಂದನ್ನೊಂದು ಅಳಿಸದೆ ನಿಲ್ಲಬೇಕು. ಕಲ್ಲಿನಲ್ಲಿ ತಪ್ಪಿದಂತೆಯೆ ಮರದಲ್ಲಿಯೂ ಒಂದು ಏಟು ತಪ್ಪಿದರೆ ಮತ್ತೆ ಸರಿಪಡಿಸಲಾಗದು.

ಸ್ತ್ರೀಸಂತಾನದ ಮೇಲೆ ನಿಂತ ಅರಸುಮನೆಯಲ್ಲಿ ಸ್ತ್ರೀಯರೇ ಕೂಡಿ ಪಟ್ಟದಾನೆಯಾಗಿರುವುದನ್ನು ಕಂಡು, ಇದು ಅಳಿಯಸಂತಾನದ ಸಂಕೇತವೆಂದು ಹೇಳಿಬಿಡುವ ಆಸೆ ಯಾರಿಗಾದರೂ ಹುಟ್ಟುವುದು. ನಾವು ಅಷ್ಟು ದೂರ ಹೋಗಲಾರೆವು. ನಾರೀಕುಂಜರವೆಂಬುದು ಈ ಊರಿನಲ್ಲಿ ಹುಟ್ಟಿದ ಕಲ್ಪನೆಯಲ್ಲ, ರಾಜಸ್ಥಾನದ ಚಿತ್ರಗಳಲ್ಲಿಯೂ ದಕ್ಷಿಣದ ದೇವಾಲಯಗಳಲ್ಲಿಯೂ ಅದು ಕಾಣಬರುತ್ತದೆ, ಅಲ್ಲೆಲ್ಲ ಅಳಿಯಸಂತಾನವಿಲ್ಲ. ಆದರೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಇಡೀ ಭರತಖಂಡದಲ್ಲಿ ಓಡಾಡುತ್ತಿದ್ದ ಒಂದು ಕಲ್ಪನೆ ಘಟ್ಟ ಇಳಿದು ಈ ಸಣ್ಣ ಪಟ್ಟಣಕ್ಕೂ ಬಂದಿತ್ತು. ಅದನ್ನು ಮರದಲ್ಲಿ ಮೂಡಿಸಬಲ್ಲ ಕೈ ಇಲ್ಲಿತ್ತು. ಅದನ್ನು ಮೆಚ್ಚಿ ಮನೆಯಲ್ಲಿ ನಿಲ್ಲಿಸಿಕೊಳ್ಳುವ ಅರಸರೂ ಇದ್ದರು. ಸಣ್ಣ ನಾಡೆಂದರೆ ಸಣ್ಣ ಬುದ್ಧಿಯೆಂದು ತಿಳಿಯಬಾರದು ಎಂಬುದಕ್ಕೆ ಈ ಎರಡು ಕಂಬಗಳೇ ಸಾಕ್ಷಿ.

ಅರಸುತನ ಹೋದುದು ಹೇಗೆ? ಹೈದರಾಲಿ ೧೭೬೩ರಲ್ಲಿ ಬಿದನೂರನ್ನು ಗೆದ್ದು ಕೆಳದಿಯ ರಾಜ್ಯವನ್ನು ತನ್ನದಾಗಿ ಮಾಡಿಕೊಂಡ ಮೇಲೆ ತುಳುನಾಡಿನ ಅರಸುಗಳ ಅಧಿಕಾರ ಒಂದೊಂದಾಗಿ ಕುಂದಿತು. ೧೭೯೯ರಲ್ಲಿ ಟಿಪ್ಪುವಿನ ಪತನವಾದಾಗ ಕೆನರಾ ಪ್ರಾಂತ ಕುಂಪಣಿಯ ಕೈಸೇರಿತು. ತಾಮಸ್ ಮನ್ರೊ ಅದರ ಮೊದಲ ಕಲೆಕ್ಟರನಾಗಿ ಬಂದನು. ಆ ಮೇಲೆ ಚೌಟರಿಗೆ ಉಳಿದುದು ಹೆಸರು, ಸರಕಾರದ ಸಣ್ಣದೊಂದು ಪಿಂಚಣಿ, ಮತ್ತು ಈ ಮನೆ. ಅರಸರಿಲ್ಲದ ಅರಮನೆ ಸಾಮಾನ್ಯವಾಗಿ ಬೇಗ ಹಾಳಾಗುವುದು. ಇದು ಹಾಳಾಗಲಿಲ್ಲ. ಏಕೆಂದರೆ ವಂಶದವರು ಅದನ್ನು ಬಿಟ್ಟುಹೋಗದೆ ತಮ್ಮ ಮನೆಯಾಗಿಯೆ ಉಳಿಸಿಕೊಂಡರು. ಪ್ರತಿ ಮಳೆಗಾಲಕ್ಕೆ ಮೊದಲು ಮಾಡನ್ನು ನೋಡುವವರಿದ್ದರು. ಪ್ರತಿ ಸಂಜೆ ದೀಪ ಹಚ್ಚುವವರಿದ್ದರು. ಒಲೆಯ ಹೊಗೆ ಏರಿದ ಮರಕ್ಕೆ ಹುಳು ಬೀಳುವುದು ಕಡಮೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಇಲ್ಲಿ ನೆನೆಯಬಹುದು.

ಆದರೆ ಮನೆತನದ ಎಚ್ಚರವೊಂದೇ ಎಂದೆಂದಿಗೂ ಸಾಲದು. ಇಪ್ಪತ್ತನೆಯ ಶತಮಾನದ ಕಾನೂನುಗಳು ಈ ನಾಡಿನ ದೊಡ್ಡ ಮನೆಗಳ ಅಡಿಪಾಯವನ್ನೇ ಬದಲಿಸಿದುವು. ೧೯೪೯ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ ಕೂಡುಕುಟುಂಬದ ಸ್ವತ್ತನ್ನು ಪಾಲುಮಾಡಿಕೊಳ್ಳುವ ದಾರಿ ತೆರೆಯಿತು. ೧೯೭೪ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಗದ್ದೆಗಳು ಉಳುವವರ ಪಾಲಾದುವು. ಎರಡೂ ನ್ಯಾಯವಾದುವು, ಶತಮಾನಗಳಿಂದ ದುಡಿದವನಿಗೆ ನೆಲ ದೊರೆತುದನ್ನು ಯಾರೂ ಹಳಿಯಲಾರರು. ಆದರೆ ಇವೆರಡರ ಫಲವಾಗಿ, ನೂರು ಮಂದಿ ಕೂಡಿ ಬಾಳಿದ ಮನೆಯಲ್ಲಿ ನಾಲ್ವರು ಉಳಿದರು. ಮಾಡಿನ ಖರ್ಚನ್ನು ಹೊರುತ್ತಿದ್ದ ಅಕ್ಕಿಮುಡಿಗಳು ಬರುವುದು ನಿಂತಿತು. ಕರಾವಳಿಯ ಎಷ್ಟೋ ಹಳೆಯ ಮನೆಗಳನ್ನು ಬಿಚ್ಚಿ, ಕೆತ್ತನೆಯ ಕಂಬಗಳನ್ನು ದೂರದ ನಗರಗಳ ವ್ಯಾಪಾರಿಗಳಿಗೆ ಮಾರಿದುದು ಈ ಕಾಲದಲ್ಲಿಯೆ.

ಹೀಗಿರುವಲ್ಲಿ ಹಳೆಯ ಮನೆಯನ್ನು ಉಳಿಸಿಕೊಳ್ಳುವ ಬಗೆ ಯಾವುದು? ಲೋಕದಲ್ಲಿ ಮೂರು ಬಗೆಗಳು ನಡೆದಿರುವುವು. ಮೊದಲನೆಯದು ಕಾರ್ಲ್‌ಷ್ಟೈನಿನ ಬಗೆ. ೧೮೮೭ರಿಂದ ೧೮೯೯ರವರೆಗೆ ಯೋಸೆಫ್ ಮೊಕೆರ್ ಎಂಬ ವಾಸ್ತುಶಿಲ್ಪಿ ಅದನ್ನು ಪೂರ್ವಸ್ಥಿತಿಗೆ ತರುವೆನೆಂದು ಹೊರಟು, ಹದಿನಾಲ್ಕನೆಯ ಶತಮಾನದ ಕೋಟೆ ಹೇಗಿರಬೇಕಿತ್ತೆಂದು ತನಗೆ ತೋರಿತೊ ಹಾಗೆ ಅದನ್ನು ಮಾರ್ಪಡಿಸಿದನು. ಕೋಟೆ ಭದ್ರವಾಯಿತು, ಆದರೆ ಇಂದು ನೋಡುವವನಿಗೆ ಚಾರ್ಲ್ಸನದೆಷ್ಟು, ಮೊಕೆರನದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಎರಡನೆಯದು ಮಣಿಪಾಲದ ಬಗೆ. ಅಲ್ಲಿ ವಿಜಯನಾಥ ಶೆಣೈಯವರು ಹಾಳಾಗಲಿದ್ದ ಹಳೆಯ ಮನೆಗಳನ್ನು ಅಂಗಾಂಗವಾಗಿ ಬಿಚ್ಚಿ ತರಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲಮಹಲು, ಮುಧೋಳದ ಅರಮನೆಯ ದರ್ಬಾರು ಅಂಗಣ, ಇವೆಲ್ಲ ಅಲ್ಲಿ ಉಳಿದಿವೆ. ಈ ಮಹೋಪಕಾರವನ್ನು ಕನ್ನಡಿಗರು ಮರೆಯಲಾಗದು. ಆದರೆ ಅದು ಬೇರೆ ಯಾವ ದಾರಿಯೂ ಇಲ್ಲದ ಮನೆಗಳಿಗೆ ಮಾಡಬೇಕಾದ ಚಿಕಿತ್ಸೆ. ಮನೆ ಉಳಿಯುವುದು, ಊರು ಹಿಂದೆ ಉಳಿಯುವುದು.

ಮೂರನೆಯದು, ಮನೆಯನ್ನು ಅದರ ನೆಲದಲ್ಲಿಯೆ, ಅದರ ಜನರೊಡನೆಯೆ ಉಳಿಸುವುದು. ಚೌಟರ ಅರಮನೆಗೆ ಒಪ್ಪುವುದು ಇದೇ ಎಂದು ನಮಗೆ ತೋರುವುದು. ಇದಕ್ಕೆ ಬೇಕಾದುದು ಬಹು ದೊಡ್ಡ ಯೋಜನೆಯಲ್ಲ. ಮಾಡಿನ ದುರಸ್ತಿಗೆ ಪ್ರತಿ ವರ್ಷ ತಪ್ಪದೆ ದೊರೆಯುವ ನೆರವು, ಗೆದ್ದಲಿನಿಂದ ಮರವನ್ನು ಕಾಪಾಡಬಲ್ಲವರ ಸಲಹೆ, ಪ್ರತಿಯೊಂದು ಕಂಬದ ಮತ್ತು ಮೇಲುಚ್ಚಿನ ಪ್ರತಿಯೊಂದು ಚೌಕದ ಅಳತೆಯನ್ನೂ ಛಾಯಾಚಿತ್ರವನ್ನೂ ತೆಗೆದಿಡುವ ಕೆಲಸ, ಇವು ಮೂರು. ಕೊನೆಯದು ಬಹಳ ಮುಖ್ಯ. ೧೮೯೭ರ ಮೈಸೂರಿನ ಬೆಂಕಿ ನಮಗೆ ಕಲಿಸಿದ ಪಾಠ ಅದು. ಸುತ್ತಣ ಊರುಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ನಿಟ್ಟೆಯಲ್ಲಿ, ಮಣಿಪಾಲದಲ್ಲಿ, ಮೂಡಬಿದಿರೆಯಲ್ಲಿಯೆ ಯಂತ್ರಶಾಸ್ತ್ರವನ್ನೂ ವಾಸ್ತುಶಿಲ್ಪವನ್ನೂ ಓದುವ ಸಾವಿರಾರು ಮಂದಿ ಯುವಕ ಯುವತಿಯರಿರುವರು. ಸೇತುವೆಯ ಭಾರವನ್ನು ಲೆಕ್ಕಹಾಕಲು ಕಲಿಯುವವರು, ಮುನ್ನೂರು ನಾನೂರು ಮಳೆಗಾಲಗಳನ್ನು ತಡೆದು ನಿಂತ ಇಂತಹ ಮರದ ಮಾಡುಗಳ ಲೆಕ್ಕವನ್ನೂ ಕಲಿಯುವುದು ಲೇಸಲ್ಲವೆ?

ಈ ಅರಮನೆಯನ್ನು ನೋಡಲು ಹೋಗುವ ಶ್ರೋತೃಗಳು ಎರಡು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಒಂದು, ಅದು ಒಬ್ಬರ ಮನೆ. ಅಪ್ಪಣೆ ಪಡೆದು, ಪಾದರಕ್ಷೆಯನ್ನು ಹೊರಗೆ ಬಿಟ್ಟು, ಮೆಲ್ಲನೆ ಒಳಗೆ ಹೋಗಬೇಕು. ಎರಡು, ಕಂಬಗಳನ್ನು ಕೈಯಿಂದ ಮುಟ್ಟದೆ ಕಣ್ಣಿನಿಂದ ಮುಟ್ಟಬೇಕು. ಸಾವಿರ ಬೆರಳುಗಳ ಬೆವರು ಮಳೆಗಿಂತಲೂ ಬೇಗ ಮರವನ್ನು ತಿನ್ನುವುದು. ಇಷ್ಟನ್ನು ಮಾಡಿ, ಮೊದಲು ದೂರದಿಂದ ಆನೆಯನ್ನೂ ಆಮೇಲೆ ಹತ್ತಿರದಿಂದ ಒಂಬತ್ತು ಮಂದಿಯನ್ನೂ ನೋಡಿ ಬರಲಿ. ಕಾರ್ಕಳದ ಬಾಹುಬಲಿಯನ್ನು ನೋಡಲು ಹೋದವರು ಅದೇ ದಿನ ಇದನ್ನೂ ನೋಡಿದರೆ, ನಮ್ಮ ಪೂರ್ವಿಕರು ದೇವರಿಗೆ ಏನು ಕೊಟ್ಟರು, ತಮಗಾಗಿ ಏನನ್ನು ಇಟ್ಟುಕೊಂಡರು ಎಂಬೆರಡೂ ಒಟ್ಟಿಗೆ ತಿಳಿಯುವುವು.